ನಡುವೆ ಬಿದ್ದ ಹಾವು

ಬ್ಯಾಬಿಲೋನಿನಲ್ಲಿ ಹಲ್ಲಿ ಬಿದ್ದರೂ ನಾಯಿ ಊಳಿಟ್ಟರೂ ಅದರ ಫಲವನ್ನು ಮಣ್ಣಿನ ಫಲಕದಲ್ಲಿ ಬರೆದಿಟ್ಟಿರುತ್ತಿದ್ದರು. ಫಲಕದ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಗಂಡ ಹೆಂಡತಿ ಶಕುನ ನೋಡುವ ಮುದುಕನ ಮುಂದೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

"ಮಧ್ಯಾಹ್ನ ಊಟ ಮಾಡಿ ಮಲಗಿದ್ವಿ ಸ್ವಾಮಿ," ಎಂದಳು ಹೆಂಡತಿ. "ಚಾವಣಿಯ ಜೊಂಡಿನಿಂದ ಒಂದು ಹಳದಿ ಹಾವು ನಮ್ಮಿಬ್ಬರ ನಡುವೆ ದೊಪ್ಪನೆ ಬಿತ್ತು."

ಮುದುಕ ಫಲಕದ ಮೇಲೆ ಬೆರಳಾಡಿಸಿದ. "ಹಾಸಿಗೆಯಲ್ಲಿ ಗಂಡ ಹೆಂಡಿರ ನಡುವೆ ಹಾವು ಬಿದ್ದರೆ ಅವರು ಬೇರೆಯಾಗ್ತಾರೆ ಅಂತಿದೆ. ಇನ್ನು ನೀವಿಬ್ಬರೂ ಒಂದೇ ಸೂರಿನಡಿ ಇರೋ ಹಾಗಿಲ್ಲ. ಮನೆ ಯಾರಿಗೆ?"

"ನನಗೇ ಬೇಕು. ಇವರ ಮೂತಿ ನೋಡ್ಕೊಂಡು ಹನ್ನೆರಡು ವರ್ಷ ಅಲ್ಲಿ ಸವೆದಿದ್ದೀನಿ."

ಗಂಡ ರಂಪ ಮಾಡುತ್ತಾನೆಂದು ಅವಳು ಸೆರಗು ಬಿಗಿದು ಕಾದಳು. ಅವನು ತಲೆ ಕೂಡ ಎತ್ತಲಿಲ್ಲ.

"ಅವಳೇ ಇಟ್ಕೊಳ್ಳಲಿ. ನಾನು ಆ ಹೊಸ್ತಿಲು ತುಳಿಯಲ್ಲ," ಎಂದ.

ಬೀದಿಗೆ ಬಂದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

"ಆ ಹಾವನ್ನ ಚಾವಣಿಗೆ ಬಿಟ್ಟವಳು ನಾನೇ ಕಣೋ! ಹಲ್ಲು ಕಿತ್ತ ಹಾವು. ಅದಕ್ಕೇ ಹೆದರಿ ಹೆಂಗೆ ಎಗರಿಬಿದ್ದೆ ನೀನು!"

ಗಂಡ ಚಪ್ಪಲಿ ಮೆಟ್ಟಿಕೊಂಡ.

"ಅದರ ಹಿಂದಿನ ದಿನವೇ ನಾನೂ ಒಂದನ್ನ ಬಿಟ್ಟಿದ್ದೆ. ಕರೀದು. ಹಲ್ಲು ಕೀಳಿಸಬೇಕು ಅಂತ ನನಗೆ ಹೊಳೀಲಿಲ್ಲ. ಅದಿನ್ನೂ ಕೆಳಗೆ ಬಿದ್ದಿಲ್ಲ."