ನಾಣ್ಯದಷ್ಟು ಬಣ್ಣ

ಅಪ್ಪ ಮನೆ ಮುಂದೆ ನಿಂತಿದ್ದ ಕಾರಿನ ಆಕ್ಸಿಲರೇಟರ್ ಒತ್ತಿದರು. ಹಾಡಿನ ಹಿಂದಿನಿಂದ ಕುಂಯ್ ಎಂಬ ಸದ್ದೆದ್ದು ಎಂಜಿನ್ನಿನ ಜೊತೆಗೇ ಏರಿತು. ಕಾಲು ತೆಗೆದರೆ ಅದೂ ಇಳಿಯಿತು.

"ನನ್ನ ಗಾಡಿ ಅಳ್ತಾ ಇದೆ," ಎಂದರು.

ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿದ್ದ ಮಗಳು ಹೊಸ ಆಂಪ್ಲಿಫೈಯರ್ ಮೇಲೆ ಕೈಯಿಟ್ಟು ಕಿವಿಗೊಟ್ಟಳು. ಒಂದು ವರ್ಷದಿಂದ ಕಾರ್ ಸ್ಟೀರಿಯೊ ಅಂಗಡಿಯಲ್ಲಿ ಊರವರ ಕಾರುಗಳಿಗೆಲ್ಲ ಇದೇ ಕೆಲಸ ಮಾಡುತ್ತಿದ್ದರೂ ಅಪ್ಪನ ಕಾರು ಅವಳ ಕೈಗೆ ಸಿಕ್ಕಿದ್ದು ಇವತ್ತೇ. ಹನ್ನೊಂದು ವರ್ಷ ಅವರು ಅದನ್ನು ಬೇರೆ ಯಾರಿಗೂ ಮುಟ್ಟಗೊಟ್ಟವರಲ್ಲ. ಇದೊಂದು ಕೆಟ್ಟರೆ ಇನ್ನೊಂದು ಸಲ ಕೊಡುವವರೂ ಅಲ್ಲ.

"ಬ್ಯಾಟರಿಯಿಂದ ಎಳೆದ ದಪ್ಪ ವೈರು ಸರಿಯಾಗೇ ಇದೆ ಅಪ್ಪ. ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸ್ ಹಾಕಿದ್ದೀನಿ. ತೊಂದರೆ ಇರೋದು ಅರ್ಥಿಂಗ್‌ದು."

"ಅದರ ವೈರನ್ನೂ ಗಾಡಿಯ ಮೈಗೆ ಬಿಗಿದಿದ್ದೀಯಲ್ಲ?"

"ಬಿಗಿದಿದ್ದೀನಿ, ಬಣ್ಣದ ಮೇಲೆ. ಬರೀ ಲೋಹಕ್ಕೆ ತಾಗಬೇಕು. ನೀವು ಕೆರೆಯೋಕೆ ಬಿಡಲಿಲ್ಲ."

ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಅವರನ್ನೇ ಕೆರೆದರೂ ಸಹಿಸಿಕೊಂಡಾರು ಕಣೇ. ನನ್ನ ಮುಖ ನೋಡಿದ್ದಕ್ಕಿಂತ ಹೆಚ್ಚು ಆ ಗಾಡಿಯ ಮುಖ ಒರೆಸಿದ್ದಾರೆ."

"ನೀನು ಸುಮ್ನಿರೇ." ಅಪ್ಪ ಎಂಜಿನ್ ನಿಲ್ಲಿಸಿ ಇಳಿದು ಬಂದರು. "ಎಷ್ಟು ಕೆರೀಬೇಕು?"

"ಒಂದು ನಾಣ್ಯದಷ್ಟು. ಕಾರ್ಪೆಟ್ ಅಡಿಯಲ್ಲಿ. ಯಾರಿಗೂ ಕಾಣಲ್ಲ."

"ನನಗೆ ಗೊತ್ತಿರುತ್ತಲ್ಲ."

ವಾದಿಸುವುದು ಅವಳಿಗೆ ಬರುತ್ತಿರಲಿಲ್ಲ. ಫ್ಯೂಸ್ ಕಿತ್ತಿಟ್ಟು, ವೈರಿನ ತಿರುಪು ಬಿಚ್ಚಿ, ಉಪ್ಪುಕಾಗದದ ತುಂಡನ್ನು ಅವರ ಅಂಗೈ ಮೇಲಿಟ್ಟಳು. "ನೀವೇ ಕೆರೀರಿ."

ಅಪ್ಪ ಡಿಕ್ಕಿಯ ಮುಂದೆ ಬಗ್ಗಿದರು. ಮೊದಲು ಗಾಯಕ್ಕೆ ಮುಲಾಮು ಹಚ್ಚುವಂತೆ ಮೆಲ್ಲಗೆ ಉಜ್ಜಿದರು. "ಇನ್ನೂ ಗಟ್ಟಿಯಾಗಿ ಅಪ್ಪ." ನೀಲಿ ಹೋಯಿತು, ಅದರಡಿಯ ಬೂದು ಹೋಯಿತು, ಲೋಹ ಬೆಳ್ಳಗೆ ಹೊಳೆಯಿತು. ಅಷ್ಟಕ್ಕೂ ನಿಲ್ಲಿಸದೆ, ಮಾಡುವುದೇ ಆದರೆ ಅಂದವಾಗಿರಲಿ ಎಂಬಂತೆ, ಅಂಚನ್ನು ಗುಂಡಗೆ ತೀಡತೊಡಗಿದರು. "ಸಾಕು, ತೂತು ಬಿದ್ದೀತು," ಎಂದು ಅವಳೇ ಕೈ ಹಿಡಿಯಬೇಕಾಯಿತು.

ವೈರು ಬಿಗಿದು, ಫ್ಯೂಸ್ ಹಾಕಿ, ಮತ್ತೆ ಎಂಜಿನ್ ರೊಂಯ್‌ಗುಟ್ಟಿಸಿದರೆ ಕೇಳಿದ್ದು ಹಾಡೊಂದೇ. ಅಮ್ಮನ ಕೈ ಬಟಾಣಿಯ ಮೇಲೆ ತಾಳ ಹಾಕಿತು.

ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. "ನಿಂತಾಗ ಸರಿ. ಓಡೋವಾಗ? ಹಿಂದೆ ಕೂತು ಯಾರಾದರೂ ಕೇಳಬೇಕು."

"ನಾನು ಕೂರ್ತೀನಿ."

"ನಿನ್ನ ಪರೀಕ್ಷೆಗೆ ನೀನೇ ಮಾರ್ಕು ಹಾಕ್ಕೋತೀಯಾ?" ಹಿಂದಿನ ಬಾಗಿಲು ತೆರೆದವರು ಒಂದು ಗಳಿಗೆ ಅದನ್ನು ಹಿಡಿದೇ ನಿಂತರು. "ಅಂಗಡೀಲಿ ಊರವರ ಗಾಡಿ ಓಡಿಸ್ತೀಯಲ್ಲ. ಹೋಗು, ಮುಂದೆ ಕೂತ್ಕೋ. ಬೀದಿಯ ಕೊನೆವರೆಗೆ ಮಾತ್ರ."

ಬೀದಿ ಮುಗಿಯುವಲ್ಲಿ ಅವಳು ನಿಧಾನ ಮಾಡಿದಳು. ಹಿಂದಿನಿಂದ ಅಪ್ಪಣೆ ಬರಲಿಲ್ಲ. ಎರಡನೆಯ ಬೀದಿ ದಾಟಿತು, ಮೂರನೆಯದೂ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಕಾಲು ಚಾಚಿ, ತಲೆ ಹಿಂದಕ್ಕೊರಗಿಸಿ, ಕಣ್ಣು ಮುಚ್ಚಿದ್ದರು.

"ಅಪ್ಪ, ಸದ್ದು ಬರ್ತಾ ಇದೆಯಾ?"

"ಅಲ್ವೇ," ಎಂದರು ಅವರು ಕಣ್ಣು ತೆರೆಯದೆಯೇ, "ಹಿಂದಿನ ಸೀಟು ಇಷ್ಟು ಮೆತ್ತಗಿದೆ ಅಂತ ಇಷ್ಟು ವರ್ಷ ನೀವ್ಯಾರೂ ನಂಗೆ ಹೇಳೇ ಇಲ್ವಲ್ಲೇ!"