ಆರ್ವಲ್ ಅಜ್ಜನ ಸಾವು

ಆರ್ವಲ್ ಅಜ್ಜ ಇನ್ನೂ ಸತ್ತಿರಲಿಲ್ಲ. ಟೋಬಿನ್‌ನ ಚಿಂತೆಯೆಲ್ಲ ಅದೇ.

ವೃದ್ಧಾಶ್ರಮದ ಕೋಣೆಯ ಬಾಗಿಲಲ್ಲೇ ನಿಂತು ನೋಡಿದ. ಅಜ್ಜ ಗಾಲಿಕುರ್ಚಿಯಲ್ಲಿ ಕುಳಿತು ಸೇಬಿನ ಪೈನ ಎರಡನೆಯ ತುಂಡು ಮುಗಿಸುತ್ತಿದ್ದ. ಕೆನ್ನೆಗಳು ಕೆಂಪಗೆ ಹೊಳೆಯುತ್ತಿದ್ದವು. ಕಿಟಕಿಯ ಆಚೆ, ಅಯೋವಾದ ಬಯಲಿನಲ್ಲಿ, ಮೆಕ್ಕೆಜೋಳದ ಕೊಯ್ಲು ಶುರುವಾಗಿತ್ತು. ಮೆಡಿಕಲ್ ಕಾಲೇಜಿಗೆ ಅರ್ಜಿಯ ಜೊತೆ ಪ್ರಬಂಧ ಕಳಿಸಲು ವಾರವೂ ಉಳಿದಿರಲಿಲ್ಲ.

"ಬಾರಪ್ಪಾ ಡಾಕ್ಟ್ರೇ," ಅಜ್ಜ ಕೂಗಿದ. "ಯಾಕೋ ಮುಖ ಸಪ್ಪಗಿದೆ? ನಾನು ಚೆನ್ನಾಗಿದೀನಿ ಅಂತಾನಾ?"

ಟೋಬಿನ್ ನಕ್ಕ. ನಗು ಅರ್ಧಕ್ಕೇ ನಿಂತಿತು.

ಕಾಲೇಜು ಮುಗಿಯುವ ಮೊದಲೇ ಒಂದು ಸುತ್ತು ಅರ್ಜಿ ಹಾಕಿ ಆಗಿತ್ತು. ಎಲ್ಲರೂ ಬೇಡವೆಂದಿದ್ದರು. ಅಂಕಗಳಿವೆ, ಕಷ್ಟದಲ್ಲಿರುವವರ ಜೊತೆ ಒಡನಾಟ ಸಾಲದು ಎಂದು ಒಂದು ಕಡೆಯವರು ಕಾರಣವನ್ನೂ ಹೇಳಿದರು. ಹಾಗಾಗಿ ಒಂದು ವರ್ಷ ಬಿಡುವು. ಆ ವರ್ಷದಲ್ಲಿ ಸಂಕಟ ನೋಡಬೇಕು, ಕರಗಬೇಕು, ಕರಗಿದ್ದನ್ನು ಒಂದು ಪುಟ ಮೀರದಂತೆ ಬರೆದು ಕಳಿಸಬೇಕು. ಈ ಸಲವೂ ತಪ್ಪಿದರೆ ಅಪ್ಪನ ಹಂದಿ ಕೊಟ್ಟಿಗೆಯೇ ಗತಿ.

"ವರ್ಷ ಬಿಡುವು ಅಂದ್ರೆ ಹೊಲ ಬೀಳು ಬಿಟ್ಟ ಹಾಗೆ ತಾನೆ?" ಎಂದು ಅಪ್ಪ ಗೆರಿಟ್ ಊಟದ ಹೊತ್ತಿನಲ್ಲಿ ಕೇಳಿದ್ದ.

"ಬೀಳು ಬಿಟ್ರೆ ಮಣ್ಣಿಗೆ ಒಳ್ಳೇದಪ್ಪಾ."

"ಸರಿ ಬಿಡು. ತಲೇಲಿರೋದು ಮಣ್ಣು ಅಂತ ನೀನೇ ಒಪ್ಕೊಂಡೆ."

ಮಾರನೆಯ ವಾರವೇ ಟೋಬಿನ್ ಊರಿನ ವೃದ್ಧಾಶ್ರಮದಲ್ಲಿ ಸಂಬಳವಿಲ್ಲದ ಸೇವೆಗೆ ಸೇರಿದ. ಅಲ್ಲಿ ಆರ್ವಲ್‌ನನ್ನು ಆರಿಸಿಕೊಂಡ. ಟ್ರ್ಯಾಕ್ಟರ್ ಮಗುಚಿ ಬೆನ್ನು ಮುರಿದುಕೊಂಡ ಮೇಲೆ ಅಜ್ಜ ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಪ್ರಬಂಧಕ್ಕೆಂದೇ ಹೇಳಿ ಮಾಡಿಸಿದಂಥ ಮುದುಕ. ಇದ್ದ ಕೊರತೆ ಒಂದೇ, ಆರೋಗ್ಯ.

"ಅಜ್ಜನ ಹೃದಯ ಹೇಗಿದೆ?" ಎಂದು ನರ್ಸ್ ಡಾರ್ಲಾಳನ್ನು ಆಗಾಗ ಕೇಳುತ್ತಿದ್ದ.

"ಕುದುರೆ ಹೃದಯ. ಯಾಕಪ್ಪಾ, ಬೇಜಾರಾಯ್ತಾ?"

ಅಂದೂ ಇಬ್ಬರೂ ಇಸ್ಪೀಟಿಗೆ ಕುಳಿತರು. ಅಜ್ಜ ಎಲೆ ಹಂಚಿದ.

"ನಿನಗಿಂತ ಮುಂಚೆ ಬಂದೋರೂ ಹೀಗೇ ಸೋಲ್ತಿದ್ರು ಕಣೋ."

"ಅವರೆಲ್ಲ ಈಗ ಎಲ್ಲಿದಾರೆ?"

"ದೊಡ್ಡ ದೊಡ್ಡ ಡಾಕ್ಟ್ರು. ಒಬ್ಬರೂ ಈ ಕಡೆ ತಲೆ ಹಾಕಲ್ಲ. ನನ್ನ ಮುಖ ನೋಡೋಕೆ ಧೈರ್ಯ ಬೇಕಲ್ಲ." ಅಜ್ಜ ತುರುಪು ಎಸೆದ. "ಸೋತೆ ನೋಡು. ಹೋಗು, ಕಾಫಿ ತಗೊಂಬಾ."

ಕೃತಘ್ನರು, ಎಂದುಕೊಂಡ ಟೋಬಿನ್. ಕಾಫಿ ತಂದುಕೊಟ್ಟು ಮನೆಗೆ ಹೋದ. ಸಂಜೆಯೊಳಗೆ ಅಜ್ಜನನ್ನು ಮುಗಿಸಿದ.

ಪ್ರಬಂಧದಲ್ಲಿ ಅಜ್ಜ ಬಹಳ ಚೆನ್ನಾಗಿ ಸತ್ತ. ಹೊಲದಲ್ಲಿ ಕೊಯ್ಲಿನ ಯಂತ್ರದ ಸದ್ದು ದೂರವಾಗುತ್ತ ಹೋಯಿತು. ಅಜ್ಜ ಟೋಬಿನ್‌ನ ಕೈ ಹಿಡಿದುಕೊಂಡ, "ನೀನು ಒಳ್ಳೆಯ ವೈದ್ಯನಾಗುತ್ತೀಯೆ" ಎಂದ, ಕಣ್ಣು ಮುಚ್ಚಿದ. ಬರೆಯುವಾಗ ಟೋಬಿನ್‌ಗೆ ನಿಜಕ್ಕೂ ಅಳು ಬಂತು. ಮರುದಿನ ಅದೇ ಅಜ್ಜನ ಎದುರು ಮತ್ತೆ ಇಸ್ಪೀಟಿನಲ್ಲಿ ಸೋತ.

ಜನವರಿಯಲ್ಲಿ ಸಂದರ್ಶನಕ್ಕೆ ಕರೆ ಬಂತು. ಎದುರಿಗಿದ್ದವರು ಡಾಕ್ಟರ್ ಸ್ಟಾಲ್ಟಿ. ಇನ್ನೂ ನಡುವಯಸ್ಸು ಮುಟ್ಟದ, ನಗದ ಹೆಂಗಸು.

"ಆರ್ವಲ್ ಅವರ ಬಗ್ಗೆ ಓದಿದೆ."

"ಆ ಸಾವು ನನ್ನನ್ನೇ ಬದಲಾಯಿಸ್ತು, ಮೇಡಂ."

"ಕೈ ಹಿಡ್ಕೊಂಡೇ ಹೋದ್ರಾ?"

"ಹೌದು." ಟೋಬಿನ್ ತಲೆ ತಗ್ಗಿಸಿದ. ಎಷ್ಟು ತಗ್ಗಿಸಬೇಕು ಎಂಬುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದ.

"ಟ್ರ್ಯಾಕ್ಟರ್ ಮಗುಚಿ ಬೆನ್ನು ಮುರ್ಕೊಂಡಿದ್ರಲ್ಲ, ಅವರೇ ತಾನೆ?"

ಟೋಬಿನ್ ತಟ್ಟನೆ ತಲೆ ಎತ್ತಿದ. ಟ್ರ್ಯಾಕ್ಟರಿನ ವಿಷಯವನ್ನು ಅವನು ಬರೆದಿರಲೇ ಇಲ್ಲ.

"ನಿಮಗೆ ಅವರು... ಗೊತ್ತಾ?"

"ಕಾಲೇಜು ಮುಗಿಸಿ ನಾನೂ ಒಂದು ವರ್ಷ ಅಲ್ಲೇ ಇದ್ದೆ." ಡಾಕ್ಟರ್ ಎದ್ದುಹೋಗಿ ಬಾಗಿಲು ಮುಚ್ಚಿದರು. "ಮೊನ್ನೆ ಆ ಆಶ್ರಮಕ್ಕೆ ಫೋನ್ ಮಾಡಿದ್ದೆ. ಆರ್ವಲ್ ಅವರೇ ಎತ್ತಿಕೊಂಡ್ರು."

ಹಂದಿ ಕೊಟ್ಟಿಗೆಯ ವಾಸನೆ ಟೋಬಿನ್‌ನ ಮೂಗಿಗೆ ಬಡಿದಂತಾಯಿತು. ಕೋಟನ್ನು ಕೈಗೆತ್ತಿಕೊಂಡು ಏಳಲು ನೋಡಿದ.

ಡಾಕ್ಟರ್ ಸ್ಟಾಲ್ಟಿ ಬಂದು ಕುಳಿತು, ಸಂದರ್ಶನದ ಹಾಳೆಯಲ್ಲಿ ಪೂರ್ತಿ ಅಂಕ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.

"ಕೊಯ್ಲಿನ ಕಾಲ ಪರವಾಗಿಲ್ಲ," ಎಂದರು. "ನಾನು ಅವರನ್ನ ಹಿಮ ಬೀಳೋವಾಗ ಸಾಯಿಸಿದ್ದೆ."