ಬಚ್ಚಲ ಬಾಗಿಲ ಕಂಬ

ಉಳಿಯ ಮೇಲೆ ಇನ್ನೊಂದು ಏಟು ಬಿದ್ದದ್ದೇ ತಡ, ಕಂಬದ ಮೂಲೆ ಗಾರೆ ಸಮೇತ ಕಳಚಿ ಬಿತ್ತು. ಒಳಗಿನ ಕಬ್ಬಿಣದ ಕಂಬಿ ಕಂಡು ದರ್ಜಿಯ ಕೈ ಅಲ್ಲೇ ನಿಂತಿತು. ಅವನಿಗೆ ಬೇಕಿದ್ದದ್ದು ಬರೀ ಮೂರು ಬೆರಳು ಜಾಗ. ಬಚ್ಚಲಿಗೆ ತಿರುಗುವಾಗಲೆಲ್ಲ ಅಮ್ಮನ ಗಾಲಿಕುರ್ಚಿ ಈ ಕಂಬಕ್ಕೆ ಸಿಕ್ಕಿಕೊಳ್ಳುತ್ತಿತ್ತು. ದಿನಾ ಅವಳನ್ನು ಎತ್ತಿ ಎತ್ತಿ ಅವನ ಸೊಂಟ ಬಿದ್ದುಹೋಗಿತ್ತು.

ಕಟ್ಟಡದ ಸಂಘದ ಕಾರ್ಯದರ್ಶಿ ಮೊದಲೇ ಹೇಳಿದ್ದರು: “ಮನೆ ನಿಮ್ಮದು, ಕಂಬ ಮಾತ್ರ ಎಲ್ಲರದ್ದು. ಮುಟ್ಟಬೇಡಿ.” ದರ್ಜಿ ನಕ್ಕುಬಿಟ್ಟಿದ್ದ. ನನ್ನ ಮನೆಯೊಳಗೆ ನಿಂತ ಕಂಬ ಊರವರದ್ದು ಹೇಗಾದೀತು? ಹಾಗಾದರೆ ಅದರ ಧೂಳನ್ನೂ ಅವರೇ ಬಂದು ಒರೆಸಲಿ!

ಈಗ ನಗು ಬರಲಿಲ್ಲ. ಕಿತ್ತ ಜಾಗದಿಂದ ಒಂದು ಬಿರುಕು ದಾರದೆಳೆಯಂತೆ ಮೇಲೇರಿ ಚಾವಣಿಯನ್ನು ಮುಟ್ಟಿತ್ತು. ಇದು ಮೊದಲೇ ಇತ್ತೋ, ಈಗ ಬಂತೋ? ಮೇಲಿನ ಮನೆಯಲ್ಲಿ ಯಾರೋ ನಡೆದರು. ಬಿರುಕಿನಿಂದ ಚೂರು ಪುಡಿ ಉದುರಿತು.

ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನ ಮನೆಯ ಟೀಚರಮ್ಮ, ಕಂಕುಳಲ್ಲಿ ಮಗು.

“ಏನಣ್ಣಾ ಅದು, ಮನೆಯೆಲ್ಲಾ ಅದುರ್ತಿದೆ? ಮಗು ಬೆಚ್ಚಿಬಿದ್ದು ಎದ್ಬಿಡ್ತು.”

“ಏನಿಲ್ಲಮ್ಮಾ, ಒಂದು ಮೊಳೆ ಹೊಡೀತಿದ್ದೆ. ಆಯ್ತು, ಆಯ್ತು.”

“ಸರಿ, ಮತ್ತೆ ಮಲಗಿಸ್ತೀನಿ ಬಿಡಿ,” ಎಂದು ಅವಳು ಮೆಟ್ಟಿಲು ಹತ್ತಿದಳು.

ಬಾಗಿಲು ಹಾಕಿದವನೇ ದರ್ಜಿ ಒಳಕೋಣೆಗೆ ಓಡಿದ. ತೂಕಡಿಸುತ್ತಿದ್ದ ಅಮ್ಮನನ್ನು ಕುರ್ಚಿಗೆ ಹಾಕಿಕೊಂಡು ಹೊರಗೆ ತಳ್ಳತೊಡಗಿದ.

“ಈ ಬಿಸಿಲಲ್ಲಿ ಎಲ್ಲಿಗೋ?”

“ಸುಮ್ನೆ, ಸ್ವಲ್ಪ ಗಾಳಿಗೆ.”

ರಸ್ತೆ ದಾಟಿ, ಎದುರಿನ ಅಂಗಡಿಯ ನೆರಳು ಸೇರಿದ ಮೇಲೆಯೇ ಅವನಿಗೆ ಹೋದ ಉಸಿರು ಬಂದಂತಾಯಿತು. ಅಮ್ಮ ಅವನ ತಲೆಗೂದಲಿಗೆ ಮೆತ್ತಿದ್ದ ಗಾರೆ ಪುಡಿ ನೋಡಿದಳು.

“ಕಂಬಕ್ಕೆ ಕೈ ಹಾಕಿದ್ಯಾ?”

“ನಿನಗೋಸ್ಕರಾನೇ ಅಮ್ಮಾ. ಈಗ ಕಟ್ಟಡ ಬಿದ್ದುಗಿದ್ದು ಹೋದ್ರೆ ಅಂತ ಭಯ ಆಗ್ಬಿಡ್ತು.”

ಅಮ್ಮ ತಲೆಯೆತ್ತಿ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದಳು. ಒಂದು ಬಾಲ್ಕನಿಯಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ಇನ್ನೊಂದು ಮನೆಯಲ್ಲಿ ಕುಕ್ಕರ್ ಕೂಗಿತು.

“ನನ್ನೊಬ್ಬಳನ್ನೇ ಆಚೆ ತಂದ್ಯೇನೋ?”

ದರ್ಜಿಯೂ ಮೇಲೆ ನೋಡಿದ. ಮೇಲಿನ ಮನೆಯ ಕಿಟಕಿಯಲ್ಲಿ ಟೀಚರಮ್ಮ, ಮಗು ನಿದ್ದೆ ಹೋಗಲೆಂದು, ಅವನೇ ಹೊಲಿದುಕೊಟ್ಟ ಪರದೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು.